ಕೃಷ್ಣೆಯ ಮುಖಜಭೂಮಿಯಲ್ಲಿ ಒಂದು ದಿನ

ಶ್ರೀಮಠದ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಭೂಗೋಲದ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಈ ಸಂಚಿಕೆಯನ್ನು ಓದುವವರಲ್ಲಿ ಅವರ ಕೈಯಲ್ಲಿ ಕಲಿತವರು ಅನೇಕರಿರುವುದರಿಂದ ಹೆಸರು ಹೇಳುವ ಅಗತ್ಯವಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಕೃಷ್ಣಾ ನದಿಯ ಪಾಠ ಬಂದಿತೆಂದರೆ ಅವರು ಪುಸ್ತಕವನ್ನು ಮುಚ್ಚಿಡುತ್ತಿದ್ದರು. ಮಹಾಬಳೇಶ್ವರದ ಗಿರಿಯಲ್ಲಿ ಹುಟ್ಟಿ ಸುಮಾರು 1,400 ಕಿಲೋಮೀಟರು ಹರಿದು ಬಂಗಾಳ ಉಪಸಾಗರವನ್ನು ಸೇರುವ ಆ ಮಹಾನದಿಯನ್ನು ಕರಿಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಎಳೆದು, ಕಡೆಯಲ್ಲಿ ಬೀಸಣಿಗೆಯ ಹಾಗೆ ಅರಳಿಸುತ್ತಿದ್ದರು. ಅನಂತರ ಸುಣ್ಣದ ಕಡ್ಡಿಯ ಧೂಳನ್ನು ಕೊಡವಿ, ಮಕ್ಕಳ ಕಡೆ ತಿರುಗಿ ಹೇಳುತ್ತಿದ್ದರು: “ನಿಮ್ಮಪ್ಪ ಬಿತ್ತೋ ಹೊಲದ ಎರೆಮಣ್ಣು ಮಳೆಗಾಲದಾಗ ಹೊಳೆ ಸೇರತೈತಿ. ಹೊಳೆ ಅದನ್ನ ಹೊತ್ಕೊಂಡು ಹೋಗಿ ಸಮುದ್ರದ ದಂಡಿಗೆ ಹೊಸ ಭೂಮಿ ಕಟ್ಟತೈತಿ. ಅದಕ್ಕ ಮುಖಜಭೂಮಿ ಅಂತಾರ. ಅಲ್ಲಿಯವರು ಉಣ್ಣೋ ಅನ್ನದಾಗ ನಿಮ್ಮ ಹೊಲದ ಪಾಲೂ ಐತಿ, ತಿಳೀತೇನು?”

ಪ್ರತಿವರ್ಷ ಈ ಮಾತನ್ನು ಹೇಳುತ್ತಿದ್ದ ಮಾಸ್ತರರು ಆ ಮುಖಜಭೂಮಿಯನ್ನು ಒಮ್ಮೆಯೂ ಕಂಡವರಲ್ಲ. ಶಾಲೆ, ಮನೆ, ವರ್ಷಕ್ಕೊಮ್ಮೆ ಜಾತ್ರೆ, ಇಷ್ಟರಲ್ಲಿಯೇ ಅವರ ಸಂಚಾರ ಮುಗಿಯುತ್ತಿತ್ತು.

ಅವರದು ಬಾಗಲಕೋಟೆ ಜಿಲ್ಲೆಯ ಕೃಷ್ಣಾತೀರದ ಒಂದು ಗ್ರಾಮ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದಾಗ ಮಾಸ್ತರರು ಇನ್ನೂ ಶಾಲೆಯ ಬಾಲಕ. ನಾಡಿನ ಒಣಭೂಮಿಗೆ ನೀರು ಬರುವುದೆಂದು ಊರೆಲ್ಲ ಸಂಭ್ರಮಿಸಿತ್ತು. ಆ ನೀರಿನ ಬೆಲೆಯನ್ನು ತನ್ನ ಊರೇ ತೆರಬೇಕಾಗುವುದೆಂಬುದು ಅಂದು ಯಾರ ಮನಸ್ಸಿಗೂ ಹೊಳೆದಿರಲಿಲ್ಲ. 1988ರಲ್ಲಿ ಮಾಸ್ತರರ ತಂದೆ ಲಿಂಗೈಕ್ಯರಾದರು. ಹೊಳೆಯ ದಂಡೆಯ ಸ್ವಂತ ಹೊಲದಲ್ಲಿ, ಬೇವಿನ ಮರದ ಕೆಳಗೆ, ಅವರ ಸಮಾಧಿಯಾಯಿತು. 2000ದ ಆಸುಪಾಸಿನ ವರ್ಷಗಳಲ್ಲಿ ಹಿನ್ನೀರು ಏರಿ ಬಂದಾಗ ಹೊಲ, ಬೇವಿನ ಮರ, ಸಮಾಧಿ, ಮೂರೂ ನೀರಿನ ಅಡಿಗಾದವು. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನೆಬ್ಬಿಸಿ ಅದನ್ನು ಉಳಿಸಿಕೊಂಡರು. ನಾಡಿಗೆ ನಾಡೇ ಅದಕ್ಕಾಗಿ ಕಾಳಜಿ ಮಾಡಿತು. ಒಬ್ಬ ಸಾಮಾನ್ಯ ರೈತನ ಸಮಾಧಿಗೆ ಗೋಡೆ ಕಟ್ಟುವವರು ಯಾರು? ಸರಕಾರ ಕೊಟ್ಟ ಪರಿಹಾರದ ಹಣವನ್ನು ಮಾಸ್ತರರು ಬ್ಯಾಂಕಿನಲ್ಲಿರಿಸಿದರು. ಬಡ್ಡಿಯನ್ನು ಸಹ ತೆಗೆಯಲಿಲ್ಲ. ತಂದೆಯ ಪುಣ್ಯಸ್ಮರಣೆಯ ದಿನ ಹಿನ್ನೀರಿನ ದಂಡೆಗೆ ಹೋಗಿ, ಇಲ್ಲಿರಬಹುದು ಎಂದು ಊಹಿಸಿದ ದಿಕ್ಕಿಗೆ ಪತ್ರಿ ಹಾಕಿ ಬರುವುದು ರೂಢಿಯಾಯಿತು. ಮರಳಿ ಬರುವಾಗ ಅವರು ಒಂದು ಮಾತಿನಿಂದ ಸಮಾಧಾನ ತಂದುಕೊಳ್ಳುತ್ತಿದ್ದರು: ಮಣ್ಣು ನಿಂತಲ್ಲಿ ನಿಲ್ಲುವುದಿಲ್ಲ, ತಂದೆಯ ಹೊಲದ ಮಣ್ಣು ಈ ಹೊತ್ತಿಗೆ ಮುಖಜಭೂಮಿಯನ್ನು ಮುಟ್ಟಿರಬೇಕು, ಅಲ್ಲಿ ಯಾರದೋ ಗದ್ದೆಯಾಗಿರಬೇಕು.

ವಿಜಯವಾಡದಲ್ಲಿ ಇಂಜಿನಿಯರರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗ ಈ ವಿಷಯ ಮಾತಿನಲ್ಲಿ ಬಂದಿತು. ಸಂಕ್ರಾಂತಿಗೆ ಮುನ್ನ ಅವರು ಗುರುಗಳಿಗೆ ರೈಲಿನ ಚೀಟಿಯನ್ನು ಕಳುಹಿಸಿದರು. ಒಂದು ದಿನದ ಮಟ್ಟಿಗೆ ಬಾಡಿಗೆಯ ಕಾರು, ಜೊತೆಗೆ ದಾರಿ ತೋರಿಸಲು ಆ ನೆಲದವನೇ ಆದ ಒಬ್ಬ ಮಾರ್ಗದರ್ಶಿ, ಇವೆಲ್ಲವೂ ಗೊತ್ತಾಗಿದ್ದವು. “ಗುರುಗಳೇ, ಬೇಡ ಅನ್ನಬಾರದು. ಇದು ನನ್ನ ಗುರುದಕ್ಷಿಣೆ” ಎಂಬ ಒಂದು ಸಾಲಿನ ಕಾಗದವೂ ಇತ್ತು. ಮಾಸ್ತರರು ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರು. ಕೈಚೀಲದಲ್ಲಿ ಒಂದು ಜೊತೆ ಧೋತರ, ವಿಭೂತಿಯ ಉಂಡೆ, ಒದ್ದೆ ಅರಿವೆಯಲ್ಲಿ ಸುತ್ತಿದ ಬಿಲ್ವಪತ್ರಿ.

ಮಾರ್ಗದರ್ಶಿ ಐವತ್ತೇಳರ ಪ್ರಾಯದವನು. ನಸುಕಿನಲ್ಲಿ ಕಾರಿನ ಬಾಗಿಲನ್ನು ತೆರೆಯುತ್ತ, “ಬರ್ರಿ ಮಾಸ್ತರ್ರ, ಕುಂದರ್ರಿ” ಎಂದಾಗ ಮಾಸ್ತರರು ಬೆರಗಾದರು. ತೆಲುಗರ ಬಾಯಲ್ಲಿ ರಾಯಚೂರಿನ ಕನ್ನಡ! ಆತ ನಕ್ಕು, ಚಿಕ್ಕಂದಿನಲ್ಲಿ ಸಿಂಧನೂರಿನ ಕಡೆಯ ಕ್ಯಾಂಪಿನಲ್ಲಿ ಬೆಳೆದವನೆಂದೂ ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನೆಂದೂ ಹೇಳಿದನು. ತುಂಗಭದ್ರೆಯ ಕಾಲುವೆಗಳು ಆದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಗಂಗಾವತಿಗಳ ಕಡೆಗೆ ಬಂದು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದುದು ಮಾಸ್ತರರಿಗೆ ತಿಳಿದ ಸಂಗತಿಯೇ. ಆತ ಅಲ್ಲಿಗೆ ಏಕೆ ಹೋದನೆಂಬುದನ್ನು ಆಗ ಅವರು ಕೇಳಲಿಲ್ಲ.

ಮೊದಲು ನಿಂತುದು ಪ್ರಕಾಶಂ ಬ್ಯಾರೇಜಿನ ಮೇಲೆ. ಮುಖಜಭೂಮಿ ಆರಂಭವಾಗುವುದು ಇಲ್ಲಿಂದ. ಸರ್ ಆರ್ಥರ್ ಕಾಟನ್ನನ ಪ್ರೇರಣೆಯಿಂದ 1855ರಲ್ಲಿ ಪೂರ್ತಿಯಾದ ಹಳೆಯ ಆನಿಕಟ್ಟು 1952ರಲ್ಲಿ ಒಡೆಯಿತು. ಅದರ ಬಳಿ 1957ರ ಹೊತ್ತಿಗೆ ಈ ಬ್ಯಾರೇಜು ಎದ್ದಿತು. ಸುಮಾರು 1,223 ಮೀಟರು ಉದ್ದದ ಈ ಕಟ್ಟಡ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಎಕರೆಗೆ ನೀರುಣಿಸುತ್ತದೆ. ಮಾಸ್ತರರು ಕಟಾಂಜನವನ್ನು ಹಿಡಿದು ನೀರನ್ನು ಬಹಳ ಹೊತ್ತು ನೋಡಿದರು. ಊರಿನ ಹೊಳೆಯ ನೀರು ಇದೇ ಅಲ್ಲವೆ ಎಂದು ಅವರ ಮನಸ್ಸು ತುಂಬಿ ಬಂದಿತ್ತು.

“ಪೂರಾ ಕೃಷ್ಣಾ ನೀರಲ್ರಿ ಇದು” ಎಂದನು ಮಾರ್ಗದರ್ಶಿ. “ಈಗ ಗೋದಾವರೀನೂ ಕೂಡ್ಯಾಳ.” ಆತ ಹೇಳಿದುದು ನಿಜವಾಗಿತ್ತು. ಕೃಷ್ಣೆಯಲ್ಲಿ ನೀರು ಸಾಲದಾದುದರಿಂದ 2015ರಲ್ಲಿ ಪಟ್ಟಿಸೀಮ ಎಂಬಲ್ಲಿ ಗೋದಾವರಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಕಾಲುವೆಯ ಮೂಲಕ ಇಲ್ಲಿಗೆ ಹರಿಸಲು ಆರಂಭಿಸಿದರು. ಮಳೆಗಾಲದ ನಾಟಿಗೆ ಈ ಮುಖಜಭೂಮಿಯ ಗದ್ದೆಗಳು ಈಗ ಆ ನೀರನ್ನೇ ಬಹುವಾಗಿ ನೆಚ್ಚಿವೆ. ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಎಳೆಯುತ್ತಿದ್ದ ನದಿಗೆ ಇನ್ನೊಂದು ಗೆರೆ ಬಂದು ಕೂಡಿಕೊಂಡುದು ಮಾಸ್ತರರಿಗೆ ಹೊಸ ಪಾಠವಾಯಿತು.

ಹೊಳೆಯ ಏರಿಯ ಮೇಲಿನ ದಾರಿಯಲ್ಲಿ ಕಾರು ಸಾಗಿತು. ಈ ಏರಿಗೆ ಅಲ್ಲಿಯವರು ಕರಕಟ್ಟ ಎನ್ನುತ್ತಾರೆ. ಒಂದು ಮಗ್ಗುಲಲ್ಲಿ ಬಾಳೆ, ಅರಿಶಿನ. ಇನ್ನೊಂದು ಮಗ್ಗುಲಲ್ಲಿ ಕಣ್ಣು ಹರಿಯುವವರೆಗೆ ಸಪಾಟ ಗದ್ದೆ, ನಡುವೆ ತಾಳೆಮರಗಳ ಸಾಲು. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಭತ್ತದ ಕೊಯ್ಲು ಮುಗಿದಿತ್ತು. ಆದರೆ ಕೂಳೆಗಳ ನಡುವೆ ಹಸಿರು ಕವಿದಿತ್ತು. ಮಾಸ್ತರರು ಕಾರನ್ನು ನಿಲ್ಲಿಸಿ ಇಳಿದು ನೋಡಿದರೆ, ಉದ್ದಿನ ಬೆಳೆ! ಭತ್ತ ಇನ್ನೂ ನಿಂತಿರುವಾಗಲೇ, ಕೊಯ್ಲಿಗೆ ಎರಡು ಮೂರು ದಿನ ಮುಂಚೆ, ಹಸಿನೆಲಕ್ಕೆ ಉದ್ದನ್ನು ಎರಚುತ್ತಾರೆ. ಉಳುಮೆ ಇಲ್ಲ, ಮತ್ತೆ ನೀರು ಹಾಯಿಸುವುದಿಲ್ಲ. ಭತ್ತ ಬಿಟ್ಟುಹೋದ ತೇವದಲ್ಲಿಯೇ ಮೊಳೆತು, ಇಬ್ಬನಿಯನ್ನುಂಡು ಅದು ಬೆಳೆಯುತ್ತದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮಾಸ್ತರರು ಬಗ್ಗಿ ಒಂದು ಹೆಂಟೆಯನ್ನೆತ್ತಿ ಬೆರಳಿನಲ್ಲಿ ತಿಕ್ಕಿದರು. ಕಪ್ಪು ಮಣ್ಣು, ನುಣುಪು. “ನಮ್ಮ ಎರೀನ ಇದು” ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು.

ದಾರಿಯಲ್ಲಿ ಶ್ರೀಕಾಕುಳಂ ಎಂಬ ಗ್ರಾಮ. ನದಿಯ ದಂಡೆಯಲ್ಲಿ ಆಂಧ್ರ ಮಹಾವಿಷ್ಣುವಿನ ಗುಡಿ. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯನು ಇಲ್ಲಿ ತಂಗಿ, ‘ಆಮುಕ್ತಮಾಲ್ಯದ’ವನ್ನು ರಚಿಸಲು ಕನಸಿನಲ್ಲಿ ಅಪ್ಪಣೆ ಪಡೆದನೆಂದು ಆ ಕಾವ್ಯವೇ ಹೇಳುತ್ತದೆ. ಕನ್ನಡ ರಾಜ್ಯ ರಮಾರಮಣನೆಂದು ಬಿರುದು ಹೊತ್ತ ಅರಸ ತೆಲುಗಿನಲ್ಲಿ ಮಹಾಕಾವ್ಯ ಬರೆಯಲು ಈ ಹೊಳೆಯ ದಂಡೆ ಕಾರಣವಾಯಿತು. ಸಮೀಪದಲ್ಲಿಯೇ ನಾಟ್ಯಕ್ಕೆ ಹೆಸರಾದ ಕೂಚಿಪೂಡಿ. ಮುಂದೆ ಬೌದ್ಧಸ್ತೂಪದ ಘಂಟಸಾಲ, ಟಾಲೆಮಿಯ ಭೂವಿವರಣೆಯಲ್ಲಿಯೂ ಹೆಸರು ಪಡೆದ ಹಳೆಯ ವ್ಯಾಪಾರದ ಊರು. ಮಾಸ್ತರರು ಇವನ್ನೆಲ್ಲ ಭಕ್ತಿಯಿಂದ ಕಂಡರು. ಆದರೂ ಅವರ ಕಣ್ಣು ಪದೇ ಪದೇ ಹೊಳೆಯ ಕಡೆಗೇ ಹೊರಳುತ್ತಿತ್ತು.

ಪುಲಿಗಡ್ಡದ ಬಳಿ ಕೃಷ್ಣೆ ಎರಡಾಗಿ ಒಡೆಯುತ್ತಾಳೆ. ಆ ಎರಡು ಕವಲುಗಳ ಮತ್ತು ಸಮುದ್ರದ ನಡುವಿನ ದ್ವೀಪವೇ ದಿವಿಸೀಮ. ಸೇತುವೆ ದಾಟಿ ಅವನಿಗಡ್ಡದ ಕಡೆಗೆ ಬರುತ್ತಿದ್ದಂತೆ ಅಷ್ಟು ಹೊತ್ತು ಮಾತನಾಡುತ್ತಿದ್ದ ಮಾರ್ಗದರ್ಶಿ ಮೌನಿಯಾದನು. 1977ರ ಪ್ರಳಯದ ಸ್ಮಾರಕದ ಹತ್ತಿರ ಕಾರು ನಿಲ್ಲಿಸಿ, ತಾನು ಇಳಿಯದೆ, “ನೀವು ನೋಡಿ ಬರ್ರಿ” ಎಂದನು. ಮಾಸ್ತರರೂ ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆತ ತಾನಾಗಿಯೇ ಹೇಳಿದನು.

1977ರ ನವೆಂಬರ್ 19. ಆತನಿಗೆ ಆಗ ಒಂಬತ್ತು ವರ್ಷ. ಭತ್ತ ಕೊಯ್ಲಿಗೆ ಬಂದಿತ್ತು. ಬೆಳಗಿನಿಂದ ಗಾಳಿ, ಮಧ್ಯಾಹ್ನದ ಮೇಲೆ ಸಮುದ್ರವೇ ಎದ್ದು ಬಂದಿತು. ಅದಕ್ಕೆ ಅಲ್ಲಿಯವರು ಉಪ್ಪೆನ ಎನ್ನುತ್ತಾರೆ. ಸುಮಾರು ಐದು ಮೀಟರಿನಷ್ಟು ಎತ್ತರದ ನೀರು ಊರೂರುಗಳನ್ನು ಬಳಿದುಕೊಂಡು ಹೋಯಿತು. ಸರಕಾರಿ ಲೆಕ್ಕದಂತೆಯೇ ಸತ್ತವರು ಸುಮಾರು ಹತ್ತು ಸಾವಿರ. ಸೊರ್ಲಗೊಂದಿಯಂಥ ಹಳ್ಳಿಗಳಲ್ಲಿ ಅಳುವುದಕ್ಕೂ ಜನ ಉಳಿಯಲಿಲ್ಲ. “ನಮ್ಮಪ್ಪ ನನ್ನ ತಾಳಿಮರಕ್ಕ ಹತ್ತಿಸಿ ಪಂಚೆಯಿಂದ ಕಟ್ಟಿದ್ರಿ. ಕೆಳಗ ಅವ್ವ, ಇಬ್ಬರು ತಂಗೇರು. ಅವರನ್ನ ಹತ್ತಿಸಾಕ ಇಳದ ಅಪ್ಪ ತಿರುಗಿ ಮ್ಯಾಲ ಬರಲಿಲ್ಲ. ನಾಕು ಮಂದಿಯೊಳಗ ಒಬ್ಬರ ಹೆಣಾನೂ ಸಿಗಲಿಲ್ಲರಿ ಮಾಸ್ತರ್ರ.” ಸೋದರಮಾವ ಆತನನ್ನು ಸಿಂಧನೂರಿನ ಕ್ಯಾಂಪಿಗೆ ಕರೆದೊಯ್ದನು. ಇಪ್ಪತ್ತರ ಪ್ರಾಯದಲ್ಲಿ ಆತ ಮರಳಿ ಇದೇ ಸೀಮೆಗೆ ಬಂದನು. ಏಕೆ ಬಂದೆ ಎಂದು ಕೇಳಿದುದಕ್ಕೆ, “ಅವರೆಲ್ಲಾ ಇಲ್ಲೇ ಅದಾರಲ್ರಿ” ಎಂದಷ್ಟೇ ಹೇಳಿದನು.

ಮಧ್ಯಾಹ್ನದ ಊಟಕ್ಕೆ ನಾಗಾಯಲಂಕದ ಆಚೆಯ ಒಂದು ಹಳ್ಳಿಯಲ್ಲಿ, ಮಾರ್ಗದರ್ಶಿಗೆ ಪರಿಚಿತನಾದ ಕೌಲು ರೈತನ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಮೀನಿನ ಸೀಮೆಯಾದರೂ ಅತಿಥಿಗಳು ಲಿಂಗವಂತರೆಂದು ಮೊದಲೇ ತಿಳಿಸಿದ್ದರಿಂದ ಮನೆಯವರು ಅಂದು ಒಲೆಯನ್ನು ಸಾರಿಸಿ ಬೇರೆ ಅಡಿಗೆ ಮಾಡಿದ್ದರು. ಲಿಂಗಪೂಜೆಗೆ ಒಂದಿಷ್ಟು ಶುದ್ಧ ಸ್ಥಳ, ಒಂದು ತಂಬಿಗೆ ನೀರು ಬೇಕೆಂದಾಗ ಮನೆಯ ಸೊಸೆ ಪಡಸಾಲೆಯನ್ನು ಗುಡಿಸಿ ರಂಗೋಲಿ ಎಳೆದಳು. ನೀರನ್ನು ಮಾತ್ರ ಬಾವಿಯಿಂದ ತರಲಿಲ್ಲ. ಪೇಟೆಯಿಂದ ಕೊಂಡುತಂದ ಡಬ್ಬಿಯಿಂದ ಬಗ್ಗಿಸಿದಳು. ಅಲ್ಲಿಯ ಬಾವಿಯ ನೀರು ಉಪ್ಪು. ಹಿತ್ತಲಿನ ಆಚೆ, ಒಂದು ಕಾಲಕ್ಕೆ ಗದ್ದೆಯಾಗಿದ್ದಲ್ಲಿ ಸಿಗಡಿಯ ಕೆರೆಗಳು ಥಳಥಳಿಸುತ್ತಿದ್ದವು.

ಊಟವಾದ ಮೇಲೆ ಮನೆಯ ಹಿರಿಯ ರೈತ ಮಾಸ್ತರರ ಊರನ್ನು ವಿಚಾರಿಸಿದನು. ಆಲಮಟ್ಟಿಯ ಹೆಸರು ಕೇಳಿದೊಡನೆ ಅವನ ಮುಖ ಬಿಗಿಯಿತು. ತೆಲುಗಿನಲ್ಲಿ ಏನನ್ನೋ ಗಟ್ಟಿಯಾಗಿ ಹೇಳಿದನು. ಮಾರ್ಗದರ್ಶಿ ಅದನ್ನು ಕನ್ನಡಕ್ಕೆ ತರಲು ಹಿಂಜರಿದನು. “ಇದ್ದದ್ದು ಇದ್ದಂಗ ಹೇಳಪಾ” ಎಂದರು ಮಾಸ್ತರರು.

“ಮ್ಯಾಲಿನವರು ನೀರು ಹಿಡದು ಕುಂತ್ರ ತುದಿಯಾಗಿದ್ದವರು ಏನು ಮಾಡಬೇಕು ಅಂತಾರ್ರಿ. ಕಾಲುವಿಗೆ ನೀರು ತಡ ಆದ್ರ ನಾಟಿ ತಡ ಆಗತೈತಿ. ನಾಟಿ ತಡ ಆದ್ರ ಕೊಯ್ಲು ತುಫಾನಿನ ಕಾಲಕ್ಕ ಬಂದು ಬೀಳತೈತಿ. ನೀರಿಲ್ಲದನೂ ನಾವ ಸಾಯ್ತೀವಿ, ನೀರಿನಿಂದನೂ ನಾವ ಸಾಯ್ತೀವಿ ಅಂತಾರ.”

ನ್ಯಾಯಮೂರ್ತಿ ಬಚಾವತ್ ನ್ಯಾಯಾಧಿಕರಣದ ಅಂಕಿಗಳು ಮಾಸ್ತರರಿಗೆ ಬಾಯಿಪಾಠ. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಎಷ್ಟೋ ವರ್ಷ ಮಕ್ಕಳಿಂದ ಹೇಳಿಸಿದ್ದರು. ಕರ್ನಾಟಕಕ್ಕೆ ಇನ್ನೂ ಹೆಚ್ಚು ಸಲ್ಲಬೇಕಾಗಿತ್ತೆಂದು ಆವೇಶದಿಂದ ವಾದಿಸಿದ್ದರು. ಆ ವಾದವೆಲ್ಲ ಅಂದು ನಾಲಗೆಯ ತುದಿಗೆ ಬಂದಿತು. ಆದರೆ ಎದುರಿಗೆ ಆ ನೀರಿನ ಡಬ್ಬಿ ಇತ್ತು. ಅವರು ಇಷ್ಟೇ ಹೇಳಿದರು: “ಆ ಕಟ್ಟಿಯ ಹಿಂದ ನನ್ನ ಊರು ಮುಳುಗೇತಿ. ನಮ್ಮಪ್ಪನ ಸಮಾಧಿ ಅದರೊಳಗೈತಿ. ಆ ನೀರು ನಮ್ಮ ಕಡೆ ಬರಗಾಲದ ಹೊಲಗಳಿಗೆ ಹೋಗೇತಿ, ಅವರೂ ಬಡವರ. ಯಾರಿಗೆ ಯಾರು ಏನು ಹೇಳಬೇಕೋ ನನಗ ತಿಳೀವಲ್ದು.”

ಮಾರ್ಗದರ್ಶಿ ಅದನ್ನು ತೆಲುಗಿನಲ್ಲಿ ಹೇಳಿ ಮುಗಿಸುವವರೆಗೆ ರೈತ ಕೆಳಗೆ ನೋಡುತ್ತ ಕುಳಿತಿದ್ದನು. ಅನಂತರ ಎದ್ದು ಒಳಗೆ ಹೋಗಿ, ಒಂದು ಸೇರಿನಷ್ಟು ಹೊಸ ಉದ್ದನ್ನು ಅರಿವೆಯಲ್ಲಿ ಕಟ್ಟಿ ತಂದು ಮಾಸ್ತರರ ಕೈಯಲ್ಲಿಟ್ಟನು. ಮಾತಾಡಲಿಲ್ಲ. ಅವನ ಸಿಟ್ಟು ಪೂರ್ತಿ ಇಳಿದಿತ್ತೆಂದೂ ಹೇಳಲಾಗದು.

ಸಂಜೆ ನಾಲ್ಕರ ಸುಮಾರಿಗೆ ಹಂಸಲದೀವಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ದಾಟಿ ಸಾಗರಸಂಗಮದ ಕಡೆ ಹೊರಟರು. ದಾರಿಯ ಎರಡೂ ಬದಿಯಲ್ಲಿ ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡು. ಅಲ್ಲಿಯವರ ಮಾತಿನಲ್ಲಿ ಮಡ ಅಡವಿ. ಈ ಕಾಡು ದಟ್ಟವಾಗಿದ್ದಲ್ಲಿ ಅಲೆಯ ಬಲ ತಗ್ಗುತ್ತದೆಂದು 1977ರ ಅನಂತರ ಜನ ಅದನ್ನು ಬೇರೆ ಕಣ್ಣಿನಿಂದ ಕಾಣತೊಡಗಿದ್ದಾರೆಂದು ಮಾರ್ಗದರ್ಶಿ ಹೇಳಿದನು.

ಕಡೆಗೆ ಮರಳು, ಆಚೆ ನೀರು. ಹೊಳೆಯ ಬಾಯಿ ಎಷ್ಟು ಅಗಲವೆಂದರೆ ಎದುರು ದಂಡೆ ಬರಿಯ ಗೆರೆಯಾಗಿತ್ತು. ಮಾಸ್ತರರು ಧೋತರವನ್ನು ಎತ್ತಿ ಕಟ್ಟಿ ಹೊಳೆಯ ಬದಿಯ ನೀರಿಗಿಳಿದರು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ಉಪ್ಪು. ಮಳೆಗಾಲ ಕಳೆದ ಮೇಲೆ ಬ್ಯಾರೇಜಿನಿಂದ ಕೆಳಗೆ ಬರುವ ನೀರು ಅತ್ಯಲ್ಪ. ಇಲ್ಲಿರುವುದು ಸಮುದ್ರದ ಭರತದ ನೀರು. “ನಾ ಸಣ್ಣಾವಿದ್ದಾಗ ದಂಡಿ ಅಲ್ಲಿತ್ತು ನೋಡ್ರಿ” ಎಂದು ಮಾರ್ಗದರ್ಶಿ ಅಲೆಗಳ ಆಚೆ ಕೈದೋರಿದನು. ಬೇರು ಕಿತ್ತ ಮರಗಳು ಮರಳಿನಲ್ಲಿ ಒರಗಿದ್ದವು. “ಮೊದಲ ಹೊಳಿ ಮಣ್ಣು ತರ್ತಿತ್ತು. ಈಗ ತರವಲ್ದು. ಸಮುದ್ರ ತಿನ್ನಾಕ ಹತ್ತೇತಿ.”

ಮಾಸ್ತರರು ಬೆರಳು ಮಡಿಚಿ ಎಣಿಸತೊಡಗಿದರು. ಆಲಮಟ್ಟಿ, ನಾರಾಯಣಪುರ, ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ಪ್ರಕಾಶಂ ಬ್ಯಾರೇಜು. ಏಳು. ನಿಂತ ನೀರಿನಲ್ಲಿ ಮಣ್ಣು ತಳಕ್ಕಿಳಿಯುವುದೆಂದು ಗಾಜಿನ ಲೋಟದಲ್ಲಿ ಕದಡಿದ ನೀರಿಟ್ಟು ಮಕ್ಕಳಿಗೆ ತೋರಿಸಿದವರೂ ಅವರೇ. ಎರಡು ಪಾಠಗಳನ್ನೂ ಅವರು ಹೇಳುತ್ತಿದ್ದರು. ಎರಡನ್ನೂ ಎಂದೂ ಕೂಡಿಸಿ ನೋಡಿರಲಿಲ್ಲ. ನಾಗಾರ್ಜುನಸಾಗರ 1967ರಲ್ಲಿಯೇ ಆಗಿತ್ತು. ಮಾಸ್ತರರು ಮೊದಲ ಪಾಠ ಹೇಳಿದ ದಿನವೇ ಆ ಪಾಠ ಹಳೆಯದಾಗಿತ್ತು. ಸಾವಿರಾರು ವರ್ಷ ಕೃಷ್ಣೆ ಹೊತ್ತು ತಂದ ಮಣ್ಣು ಈ ನೆಲವನ್ನು ಕಟ್ಟಿದುದು ಸತ್ಯ. ಬೆಳಿಗ್ಗೆ ಮುಟ್ಟಿದ ಹೆಂಟೆ ಅವರ ಪೂರ್ವಿಕರ ಕಾಲದ್ದು. ಆದರೆ ತಂದೆಯ ಹೊಲದ ಮಣ್ಣು ಇಲ್ಲಿಗೆ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ನೆಚ್ಚಿಕೊಂಡು ಬಂದ ಸಮಾಧಾನ ಹೀಗೆ ಒಂದು ಗಳಿಗೆಯಲ್ಲಿ ಕೈಬಿಟ್ಟಿತು. ಅವರು ಮರಳಿನ ಮೇಲೆ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ, “ಹಂಗಾದ್ರ ನಮ್ಮಪ್ಪ ಅಲ್ಲೇ ಅದಾನ” ಎಂದರು. “ಎಲ್ಲಿಗೂ ಹೋಗಿಲ್ಲ. ಬ್ಯಾವಿನ ಗಿಡದ ಬುಡಕ್ಕ, ಇಟ್ಟಲ್ಲೇ ಅದಾನ.” ಹೇಳುತ್ತಿದ್ದಂತೆ ಅವರ ಧ್ವನಿ ತೊದಲಿತು. ದುಃಖಕ್ಕೋ, ನೆಮ್ಮದಿಗೋ, ಅವರಿಗೇ ತಿಳಿಯಲಿಲ್ಲ.

ಸಮುದ್ರಕ್ಕೆ ಹಾಕಲೆಂದು ತಂದೆಯ ಹೆಸರಿನಲ್ಲಿ ತಂದ ಪತ್ರಿಯನ್ನು ಅವರು ಚೀಲದಿಂದ ತೆಗೆದರು. ಅರ್ಧವನ್ನು ಮರಳಿ ಅರಿವೆಯಲ್ಲಿ ಸುತ್ತಿದರು. ಅದು ಹಿನ್ನೀರಿನ ದಂಡೆಗೆ ಸಲ್ಲಬೇಕಾದುದು. ಉಳಿದ ಅರ್ಧವನ್ನು ಮಾರ್ಗದರ್ಶಿಯ ಕೈಯಲ್ಲಿಟ್ಟು, “ತಮ್ಮಾ, ನಿಮ್ಮವ್ವ, ಅಪ್ಪ, ತಂಗೇರ ಹೆಸರು ಹೇಳಿ ಬಿಡು” ಎಂದರು. ಆತ ನಾಲ್ಕು ಹೆಸರುಗಳನ್ನು ಒಂದೊಂದಾಗಿ ಹೇಳಿ, ಒಂದೊಂದೇ ದಳವನ್ನು ನೀರಿಗೆ ಬಿಟ್ಟನು. ಉಪ್ಪೆನದ ಅನಂತರ ಆ ಹೆಸರುಗಳನ್ನು ನೀರಿನ ಎದುರಿಗೆ ನಿಂತು ಹೇಳಿದುದು ಅದೇ ಮೊದಲೆಂದು ಮರಳಿ ಬರುವ ದಾರಿಯಲ್ಲಿ ತಿಳಿಸಿದನು.

ಊರಿಗೆ ಬಂದ ಮಾಸ್ತರರು ಎರಡು ಕೆಲಸ ಮಾಡಿದರು. ಮೊದಲನೆಯದಾಗಿ, ಮುಖ್ಯಾಧ್ಯಾಪಕರನ್ನು ಕಂಡು ಒಂಬತ್ತನೆಯ ವರ್ಗದ ಒಂದು ತಾಸನ್ನು ಬೇಡಿ ಪಡೆದರು. ಹಲಗೆಯ ಮೇಲೆ ಎಂದಿನಂತೆ ಹೊಳೆಯನ್ನು ಎಳೆದು ಬೀಸಣಿಗೆಯನ್ನು ಬಿಡಿಸಿದರು. ಅನಂತರ ಅಡ್ಡಲಾಗಿ ಏಳು ಗೆರೆಗಳನ್ನು ಹಾಕಿ, “ನಿಮ್ಮ ಅಪ್ಪಂದಿರಿಗೆ, ಅಣ್ಣಂದಿರಿಗೆ ನಾನು ಈ ಗೆರಿ ಹಾಕದ ಪಾಠ ಹೇಳೀನಿ. ಅದು ನನ್ನ ತಪ್ಪು. ಮನೀಗೆ ಹೋಗಿ ಅವರಿಗೆ ತಿದ್ದಿ ಹೇಳ್ರಿ” ಎಂದರು. ವರ್ಗದಲ್ಲಿ ಉಸಿರಿನ ಶಬ್ದವೂ ಇರಲಿಲ್ಲವೆಂದು ಅಂದು ಬಾಗಿಲಲ್ಲಿ ನಿಂತು ಕೇಳಿದ ಶಿಕ್ಷಕರು ಹೇಳುತ್ತಾರೆ.

ಎರಡನೆಯದಾಗಿ, ಮುಳುಗಿದ ಹೊಲದ ಪರಿಹಾರದ ಹಣವನ್ನು ಬಡ್ಡಿಸಹಿತ ತೆಗೆದು ಶಾಲೆಯ ಹೆಸರಿಗೆ ಬರೆದರು. ಅದರ ಉತ್ಪನ್ನದಿಂದ ವರ್ಷಕ್ಕೊಮ್ಮೆ ಒಂಬತ್ತನೆಯ ವರ್ಗದ ಕೆಲವು ಮಕ್ಕಳು ಒಬ್ಬ ಶಿಕ್ಷಕರೊಡನೆ ಹೊಳೆಯ ಕೊನೆಯವರೆಗೆ ಹೋಗಿ ಬರಬೇಕು. ಹೋದವರು ಆ ಕೌಲು ರೈತನಂಥವರ ಮನೆಯಲ್ಲಿ ಉಂಡು, ಅವರ ಮಾತನ್ನು ಕೇಳಿ ಬರಬೇಕು. ದಾರಿ ತೋರಿಸಲು ಆ ಮಾರ್ಗದರ್ಶಿ ಒಪ್ಪಿದ್ದಾನೆ. ತನ್ನ ಕೂಲಿಯ ಮಾತೆತ್ತದೆ ಒಂದು ಕರಾರನ್ನು ಮಾತ್ರ ಹಾಕಿದ್ದಾನೆ: ದಿವಿಸೀಮೆಯ ಶಾಲೆಯ ಅಷ್ಟೇ ಮಕ್ಕಳನ್ನು ಅವರು ಒಮ್ಮೆ ಕೂಡಲಸಂಗಮಕ್ಕೆ ಕರೆಸಿಕೊಳ್ಳಬೇಕು, ಅಲ್ಲಿಂದ ಹಿನ್ನೀರಿನ ದಂಡೆಗೆ ಕರೆದೊಯ್ದು, ಮಾಸ್ತರರ ಊರು ಎಲ್ಲಿತ್ತೆಂಬುದನ್ನು ಮಾಸ್ತರರೇ ಕೈಮಾಡಿ ತೋರಿಸಬೇಕು.